ಹೊಲದ ಪಕ್ಕದಲ್ಲೇ ಪಂಕ್ತಿ: ಐರ್ಲೆಂಡಿನ ಒಂದು ದೊಡ್ಡಮನೆಯ ಕಥೆ

ಐರ್ಲೆಂಡಿನ ದಕ್ಷಿಣದಲ್ಲಿ ಕಾರ್ಕ್ ಎಂಬ ನಗರವಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ಹೋದರೆ ಶಾನಗ್ಯಾರಿ ಎಂಬ ಹಳ್ಳಿ. ಅದರ ಸಮೀಪದ ಬ್ಯಾಲಿಮಲೂ ಎಂಬ ಹಳೆಯ ಬಂಗಲೆಗೆ ದೇಶವಿದೇಶಗಳ ಜನ ಬಂದು, ಉಂಡು, ರಾತ್ರಿ ತಂಗಿ ಹೋಗುತ್ತಾರೆ. ಬಂಗಲೆಗೆ ಅಂಟಿಕೊಂಡು ಪುರಾತನ ಕೋಟೆಯ ಗೋಪುರವೊಂದು ಇಂದಿಗೂ ನಿಂತಿದೆ. ಇಷ್ಟೇ ಆಗಿದ್ದರೆ ಕೃಷಿಪುಟದಲ್ಲಿ ಅದರ ಪ್ರಸ್ತಾಪ ಬೇಕಿರಲಿಲ್ಲ. ಆದರೆ ಈ ಉದ್ಯಮವನ್ನು ಕಟ್ಟಿದವರು ಹೋಟೆಲಿನವರಲ್ಲ, ಬೇಸಾಯಗಾರರು.

ಗೇಣಿ ಹೋಯಿತು, ಮನೆ ಉಳಿಯಿತು

ಐರ್ಲೆಂಡಿನ ಹಳ್ಳಿಗರು ಇಂಥ ಬಂಗಲೆಗಳನ್ನು ‘ದೊಡ್ಡಮನೆ’ ಎಂದೇ ಕರೆಯುತ್ತಿದ್ದರು. ಅವು ನಡೆಯುತ್ತಿದ್ದುದು ಗೇಣಿಯ ಹಣದಿಂದ. 1845ರಿಂದ ಕೆಲವು ವರ್ಷ ಆಲೂಗಡ್ಡೆಗೆ ಅಂಗಮಾರಿ ರೋಗ ತಗುಲಿ ಸುಮಾರು 10 ಲಕ್ಷ ಜನ ಸತ್ತ ಕಾಲದಲ್ಲೂ, ಗೇಣಿ ಕಟ್ಟಲಾರದವರನ್ನು ಒಕ್ಕಲೆಬ್ಬಿಸಿದ್ದುಂಟು. ಮುಂದೆ ರೈತರು ಸಂಘ ಕಟ್ಟಿ ಹೋರಾಡಿದರು. 1903ರ ಕಾಯಿದೆಯ ನಂತರ ಸರಕಾರದ ಸಾಲ ಪಡೆದು ಬಹುಪಾಲು ಗೇಣಿದಾರರು ತಮ್ಮ ಹಿಡುವಳಿಗೆ ತಾವೇ ಒಡೆಯರಾದರು. ದೊಡ್ಡಮನೆಗಳ ಆದಾಯ ನಿಂತಿತು. 1920-23ರ ಹೋರಾಟ ಮತ್ತು ಅಂತರ್ಯುದ್ಧದ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು. ಉಳಿದವು ಹೇಗೂ ಖರ್ಚಿನ ಮನೆಗಳೇ. ಒಂದು ಕಡೆ ಮಾಡು ಮುಚ್ಚುವಷ್ಟರಲ್ಲಿ ಇನ್ನೊಂದು ಕಡೆ ಸೋರುತ್ತಿತ್ತು.

ಬ್ಯಾಲಿಮಲೂವನ್ನು 1940ರ ದಶಕದ ಕೊನೆಯಲ್ಲಿ ಐವನ್ ಅಲೆನ್ ಎಂಬ ಕೃಷಿಕರು ಜಮೀನಿನ ಸಹಿತ ಕೊಂಡರು. ಅವರು ತೋಟಗಾರಿಕೆ ಬಲ್ಲವರು. ಟೊಮೆಟೊ, ಸೇಬು, ಅಣಬೆ ಬೆಳೆಯುತ್ತಿದ್ದರು. ಹಸು, ಹಂದಿ ಸಾಕುತ್ತಿದ್ದರು. ಹೆಂಡತಿ ಮರ್ಟಲ್ ಪೇಟೆಯ ಕಡೆಯವರು. ಮದುವೆಯಾದಾಗ ಅಡುಗೆ ಬಾರದು! ಹಾಲು, ಬೆಣ್ಣೆ, ಕೆನೆ, ತರಕಾರಿ ಮನೆಯಲ್ಲೇ ಧಾರಾಳವಾಗಿದ್ದುದರಿಂದ ಕಲಿಕೆಗೆ ಸಾಮಗ್ರಿಯ ಕೊರತೆಯಾಗಲಿಲ್ಲ. 1962ರಲ್ಲಿ ಐರಿಷ್ ಫಾರ್ಮರ್ಸ್ ಜರ್ನಲ್ ಎಂಬ ರೈತಪತ್ರಿಕೆಗೆ ಅವರು ಅಡುಗೆಯ ಅಂಕಣ ಬರೆಯತೊಡಗಿದರು.

ಮಕ್ಕಳು ದೊಡ್ಡವರಾಗುತ್ತ ಬಂದಂತೆ ಮನೆ ಮತ್ತಷ್ಟು ದೊಡ್ಡದೆನಿಸಿತು. 1964ರಲ್ಲಿ ಮರ್ಟಲ್ ಸ್ಥಳೀಯ ದಿನಪತ್ರಿಕೆಯಲ್ಲಿ ಚಿಕ್ಕ ಜಾಹೀರಾತು ಕೊಟ್ಟರು: ಚಾರಿತ್ರಿಕ ಹಳ್ಳಿಬಂಗಲೆಯಲ್ಲಿ ಊಟ ಮಾಡಬನ್ನಿ ಎಂದು. ಬೇರೆ ಕಟ್ಟಡ ಕಟ್ಟಲಿಲ್ಲ. ಮನೆಯವರು ಉಣ್ಣುತ್ತಿದ್ದ ಕೋಣೆಯಲ್ಲೇ ಮೇಜು ಹಾಕಿದರು. ಕೆಲವೇ ವರ್ಷಗಳಲ್ಲಿ ಮಲಗುವ ಕೋಣೆಗಳನ್ನೂ ತಂಗುವವರಿಗೆ ತೆರೆದರು.

ಬಂದದ್ದನ್ನು ನೋಡಿ ಅಡುಗೆ

ಆ ಕಾಲದ ದೊಡ್ಡ ಹೋಟೆಲುಗಳಲ್ಲಿ ಫ್ರಾನ್ಸಿನ ಹೆಸರಿನ ತಿನಿಸುಗಳಿಗೇ ಮರ್ಯಾದೆ. ಊಟದ ಪಟ್ಟಿ ಮೊದಲು ಅಚ್ಚಾಗುತ್ತಿತ್ತು, ಸಾಮಾನು ಆಮೇಲೆ ಹುಡುಕುತ್ತಿದ್ದರು. ಮರ್ಟಲ್ ಇದನ್ನು ತಿರುವುಮುರುವು ಮಾಡಿದರು. ತೋಟದಿಂದ ಇಂದು ಏನು ಬಂತು, ಹತ್ತಿರದ ಬ್ಯಾಲಿಕಾಟನ್ ಬಂದರಿಗೆ ಯಾವ ಮೀನು ಬಂತು ಎಂದು ನೋಡಿಕೊಂಡು ಆ ದಿನದ ಪಟ್ಟಿಯನ್ನು ಆ ದಿನವೇ ಬರೆಯುತ್ತಿದ್ದರು. ಬಟಾಣಿಯ ಕಾಲಕ್ಕೆ ಬಟಾಣಿ, ಸೇಬಿನ ಕಾಲಕ್ಕೆ ಸೇಬು. ಲೆಕ್ಕ ಬಲ್ಲ ರೈತನಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ: ಸಾಗಣೆ ಇಲ್ಲ, ದಲ್ಲಾಳಿ ಇಲ್ಲ, ಬೆಳಿಗ್ಗೆ ಕಿತ್ತದ್ದು ಸಂಜೆಗೆ ತಟ್ಟೆಯಲ್ಲಿ. ಪೇಟೆಗೆ ಕಳಿಸಿದರೆ ಬಾಡಿ ಬೆಲೆ ಕಳೆದುಕೊಳ್ಳುವ ಸೊಪ್ಪಿಗೂ ಇಲ್ಲಿ ಪೂರ್ತಿ ಬೆಲೆ. ಮನೆಯಲ್ಲಿ ಬೆಳೆಯದ್ದನ್ನು ನೆರೆಹೊರೆಯವರಿಂದ ಕೊಳ್ಳುತ್ತಿದ್ದುದರಿಂದ ಸುತ್ತಲಿನ ಸಣ್ಣ ಬೆಳೆಗಾರರಿಗೂ ಗಿರಾಕಿ ಸಿಕ್ಕಿತು.

ಆ ಕರಾವಳಿಯ ಬಡವರ ತಿನಿಸನ್ನೂ ಅವರು ಬಿಡಲಿಲ್ಲ. ಕ್ಯಾರಗೀನ್ ಎಂಬ ಕಡಲಪಾಚಿ ಅಲ್ಲಿನ ಬಂಡೆಗಳ ಮೇಲೆ ಬೆಳೆಯುತ್ತದೆ. ಅದನ್ನು ಒಣಗಿಸಿಟ್ಟುಕೊಂಡು, ಹಾಲಿನಲ್ಲಿ ಕುದಿಸಿ ಸೋಸಿ ಆರಲು ಬಿಟ್ಟರೆ ಹಾಲು ಮೆತ್ತಗೆ ಗಟ್ಟಿಯಾಗುತ್ತದೆ. ನಮ್ಮಲ್ಲಿ ಚೈನಾ ಗ್ರಾಸ್ ಹಾಕಿದಂತೆಯೇ. ಈ ಸಿಹಿ ಬ್ಯಾಲಿಮಲೂವಿನ ಹೆಸರುವಾಸಿ ತಿನಿಸಾಯಿತು.

1975ರಲ್ಲಿ ಹೋಟೆಲುಗಳ ಗುಣ ಅಳೆಯುವ ಫ್ರಾನ್ಸಿನ ಮಿಶೆಲಿನ್ ಕೈಪಿಡಿ ಇಲ್ಲಿನ ಊಟಕ್ಕೆ ತನ್ನ ನಕ್ಷತ್ರವನ್ನು ಕೊಟ್ಟಿತು. 1983ರಲ್ಲಿ ಸೊಸೆ ಡರೀನಾ ಅಲೆನ್ ತಮ್ಮ ಸೋದರನೊಡನೆ ಸಮೀಪದ ತೋಟದಲ್ಲಿ ಅಡುಗೆ ಶಾಲೆ ತೆರೆದರು. ಅಲ್ಲಿ ಪಾಠದ ಅಡುಗೆಯಲ್ಲಿ ಉಳಿದ ಸಿಪ್ಪೆ, ಚೂರು ಕೋಳಿಗಳಿಗೆ ಹೋಗುತ್ತದೆ. ಕೋಳಿಗಳ ಮೊಟ್ಟೆ ಪಾಠಕ್ಕೇ ಬರುತ್ತದೆ.

ಎಲ್ಲರಿಗೂ ಇದು ಸಾಧ್ಯವೆ? ಅಲೆನ್ ಕುಟುಂಬಕ್ಕೆ ದೊಡ್ಡ ಜಮೀನಿತ್ತು, ಹತ್ತಿರ ನಗರವಿತ್ತು, ಸಮುದ್ರವಿತ್ತು. ಈಗ ಅಲ್ಲಿ ತಂಗುವುದೂ ದುಬಾರಿಯೇ. ಆದರೆ ಹೆಚ್ಚಿದ ಬೆಳೆಯನ್ನು ಅವರು ನಿಭಾಯಿಸಿದ ಬಗೆಗೆ ದೊಡ್ಡಮನೆ ಬೇಕಿಲ್ಲ. ಗಾಜಿನ ಮನೆಯಲ್ಲಿ ಟೊಮೆಟೊ ಮಿತಿಮೀರಿ ಹಣ್ಣಾದಾಗ ಮರ್ಟಲ್ ಅದಕ್ಕೆ ಈರುಳ್ಳಿ, ಒಣದ್ರಾಕ್ಷಿ, ಸಕ್ಕರೆ, ವಿನೆಗರ್, ಮಸಾಲೆ ಸೇರಿಸಿ ಕುದಿಸಿ ಗೊಜ್ಜು ಮಾಡಿ ಇಡುತ್ತಿದ್ದರು. 2018ರಲ್ಲಿ ಅವರು ತೀರಿಕೊಂಡರು. ಆ ಗೊಜ್ಜನ್ನು ಮಗಳು 1990ರಿಂದ ಮಾರಾಟಕ್ಕಾಗಿ ತಯಾರಿಸತೊಡಗಿದ್ದು, ಬ್ಯಾಲಿಮಲೂ ಎಂಬ ಹೆಸರಿನ ಶೀಸೆಗಳಲ್ಲಿ ಐರ್ಲೆಂಡಿನ ಅಂಗಡಿಗಳಲ್ಲಿ ಈಗಲೂ ದೊರೆಯುತ್ತದೆ.