ವಿದ್ಯುದಾಘಾತದ ಆಯುಧವೂ ಸರಕಾರದ ಹೊಣೆಯೂ

ಪ್ರಶ್ನೆ: ಪೊಲೀಸರು ವಿದ್ಯುದಾಘಾತದ ಆಯುಧವನ್ನು ಪ್ರಯೋಗಿಸಿ ಪ್ರಾಣಹಾನಿಯಾದರೆ ಪರಿಹಾರ ಕೊಡತಕ್ಕವರು ಯಾರು?
— ಓದುಗರೊಬ್ಬರು, ದಿಗ್ಗೇವಾಡಿ

ಉತ್ತರ: ರಾಯಬಾಗದ ಸೀಮೆಯಲ್ಲಿ ಲಾಠಿಯನ್ನಷ್ಟೇ ಕಂಡವರಿಗೂ ಈ ಪ್ರಶ್ನೆ ಅಪ್ರಸ್ತುತವಲ್ಲ; ಏಕೆಂದರೆ ಆಯುಧ ಯಾವುದಾದರೂ ಇರಲಿ, ನ್ಯಾಯಾಲಯವು ಪರೀಕ್ಷಿಸುವುದು ಬಲಪ್ರಯೋಗದ ಅಗತ್ಯವನ್ನೂ ಪ್ರಮಾಣವನ್ನೂ. ಇನ್ನು ಸರಕಾರದ ಹೊಣೆಯ ಮಾತು: ಮೀರತ್ತಿನಲ್ಲಿ ಪೊಲೀಸರ ವಶದಲ್ಲಿದ್ದ ವರ್ತಕನ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲನೇ ಅಪಹರಿಸಿ ಪಾಕಿಸ್ತಾನಕ್ಕೆ ಪಲಾಯನಗೈದ ಪ್ರಕರಣದಲ್ಲಿ, ವಶಪಡಿಸಿಕೊಳ್ಳುವುದು ಸಾರ್ವಭೌಮ ಕಾರ್ಯವಾದುದರಿಂದ ಸರಕಾರ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ತೀರ್ಪಿತ್ತಿತು. ವಿಚಿತ್ರ ನ್ಯಾಯವೆಂದೇ ನನ್ನ ಮತ. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಾದರೋ, ಪೊಲೀಸರ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ತಾಯಿಗೆ 1,50,000 ರೂಪಾಯಿ ಪರಿಹಾರ ವಿಧಿಸಿ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾರ್ವಭೌಮ ಕಾರ್ಯವೆಂಬ ಆ ಕವಚ ಸಲ್ಲದೆಂದು ಅದೇ ನ್ಯಾಯಾಲಯ ಸಾರಿತು. ಆದುದರಿಂದ ಕೊಡತಕ್ಕುದು ಸರಕಾರವೇ.

ತಪ್ಪಿತಸ್ಥ ಅಧಿಕಾರಿಯ ಮಾತು ಬೇರೆ. ಕರ್ತವ್ಯದೊಡನೆ ಸಂಬಂಧವುಳ್ಳ ಅತಿರೇಕಕ್ಕೆ, 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೆಯ ಕಲಮಿನಂತೆ, ಸರಕಾರದ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ನಡೆಯದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ.

ಇಲಾಖೆಯು ಹೊಣೆಯಿಂದ ಪಾರಾಗಬೇಕಾದರೆ ತರಬೇತಿ, ಲಿಖಿತ ನಿಯಮ, ಪ್ರತಿ ಪ್ರಯೋಗದ ದಾಖಲೆ, ತತ್‌ಕ್ಷಣದ ವೈದ್ಯಕೀಯ ತಪಾಸಣೆ ಇವಲ್ಲದೆ ಬೇರೆ ಮಾರ್ಗ ಕಾಣೆ. ಇಂತಹ ಆಯುಧವನ್ನು ತಯಾರಿಸುತ್ತಿದ್ದ ಅಮೆರಿಕದ ಟೇಸರ್ ಕಂಪನಿಯೇ 2009ರಲ್ಲಿ, ಸಾಧ್ಯವಾದಾಗಲೆಲ್ಲ ಎದೆಗೆ ಗುರಿಯಿಡುವುದನ್ನು ವರ್ಜಿಸಿರೆಂದು ಸೂಚಿಸಿತ್ತು. ಅಂತಹ ಸೂಚನೆ ಪ್ರಕಟವಾದ ಬಳಿಕ ಅಪಾಯವನ್ನರಿಯೆವೆಂದು ವಾದಿಸುವುದು ಯಾವ ಇಲಾಖೆಗೂ ಸುಲಭವಲ್ಲ.