ನಿಮಗಿದು ಗೊತ್ತೆ? ಲಾಗಿನ್ ಪರದೆ ನಿಮ್ಮ ಮಾತು ಕೇಳುವುದಿಲ್ಲ!

ಲಿನಕ್ಸ್ ಕಂಪ್ಯೂಟರಿನಲ್ಲಿ 5 ನಿಮಿಷಕ್ಕೆ ಪರದೆ ಆರುವಂತೆ ನೀವು ಸೆಟ್ಟಿಂಗ್ ಮಾಡಿಟ್ಟಿದ್ದರೂ ಲಾಗ್‌ಔಟ್ ಆದ ಮೇಲೆ ಅದು ನಡೆಯುವುದಿಲ್ಲ. ಲಾಗಿನ್ ಪರದೆಯನ್ನು ನಡೆಸುವುದು ನಿಮ್ಮ ಖಾತೆಯಲ್ಲ. ಅದಕ್ಕೆಂದೇ ಇರುವ ಇನ್ನೊಂದು ಖಾತೆ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಅದರ ಹೆಸರು ‘ಜಿಡಿಎಂ’. ಅದರ ಸೆಟ್ಟಿಂಗ್ ಅದಕ್ಕೇ ಬೇರೆ.

ಲಾಗಿನ್ ಪರದೆ ಆರದೆ ಉರಿಯುತ್ತಲೇ ಇದ್ದರೆ ಪೆಟ್ಟು ಬೀಳುವುದು ಓಎಲ್‌ಇಡಿ ಪರದೆಗೆ. ಅಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಬೆಳಗಿದಷ್ಟೂ ಸವೆಯುತ್ತದೆ. ನೀಲಿಯದು ಎಲ್ಲಕ್ಕಿಂತ ಬೇಗ. ಗಡಿಯಾರ, ಪಾಸ್‌ವರ್ಡ್ ಚೌಕ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಉರಿದರೆ ಅವುಗಳ ಅಚ್ಚು ಅಲ್ಲೇ ಉಳಿಯಬಹುದು. ಆಮೇಲೆ ಸಿನಿಮಾ ಹಾಕಿದರೂ ನಾಯಕನ ಮುಖದ ಮೇಲೆ ಮಸುಕು ಗಡಿಯಾರ!

ತಡೆಯುವುದು ಸುಲಭ. ಲಾಗಿನ್ ಪರದೆ ಆರುವ ಸಮಯವನ್ನು ಪ್ರತ್ಯೇಕವಾಗಿ ಹೊಂದಿಸಿ. ಅದಕ್ಕೆ ಅಪ್ಪಟ ಕಪ್ಪು ಹಿನ್ನೆಲೆ ಇಡಿ. ಓಎಲ್‌ಇಡಿಯಲ್ಲಿ ಕಪ್ಪು ತೋರಿಸುವ ಪಿಕ್ಸೆಲ್ ಉರಿಯುವುದೇ ಇಲ್ಲ. ಬರೀ ಅಕ್ಷರಗಳ ಕನ್ಸೋಲ್ ಬಳಸುವವರು ಬೂಟ್ ಆಗುವಾಗ ಕರ್ನಲ್‌ಗೆ ‘ಕನ್ಸೋಲ್‌ಬ್ಲ್ಯಾಂಕ್=300’ ಎಂಬ ಆಯ್ಕೆ ಕೊಟ್ಟರಾಯಿತು. ಯಾರೂ ಕೀಲಿ ಒತ್ತದಿದ್ದರೆ 300 ಸೆಕೆಂಡಿಗೆ ಪರದೆ ಖಾಲಿಯಾಗುತ್ತದೆ.