ಕೊಯ್ಲಿನ ಕಾಲದಲ್ಲಿ ನಿದ್ರೆಗೂ ಲೆಕ್ಕವಿರಲಿ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ಹಿರಿಯರ ಮಾತು. ಕೊಯ್ಲಿನ ಕಾಲದಲ್ಲಿ ಬೆಳೆಗಾರರಾದ ನಮಗೆ ಮನೆಯ ಹಾಸಿಗೆಯಲ್ಲೂ ನಿದ್ದೆಯಿಲ್ಲ. ಹಗಲು ಕೊಯ್ದ ಕಾಫಿ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಬಿಸಿಲಿಗೆ ಹರಡಬೇಕು. ಕರೆಂಟು ನಡುರಾತ್ರಿ ಬಂದರೆ ಆಗಲೇ ಎದ್ದು ಪಂಪು ಹಾಕಬೇಕು. ಗೊಬ್ಬರ, ಕೂಲಿ, ಡೀಸೆಲ್‌ಗಳ ಲೆಕ್ಕ ಬರೆಯುವ ನಾವು ಕಳೆದುಕೊಂಡ ನಿದ್ರೆಯನ್ನು ಮಾತ್ರ ಯಾವ ಖಾತೆಗೂ ಹಾಕುವುದಿಲ್ಲ. ಆ ಖರ್ಚಿನ ಕಡೆಗೆ ಸದಸ್ಯ ಬಾಂಧವರ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆಯ ನಿದ್ರೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಘಗಳು 2015ರಲ್ಲಿ ಸಲಹೆ ಮಾಡಿವೆ. ನಿದ್ರೆಯಲ್ಲಿ ರಕ್ತದೊತ್ತಡ ಇಳಿದು ಹೃದಯಕ್ಕೆ ಬಿಡುವು ಸಿಗುತ್ತದೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುತ್ತದೆ. ವರ್ಷಗಟ್ಟಲೆ ನಿದ್ರೆಗೆಟ್ಟವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಹಾಗೂ ಮನಸ್ಸಿನ ಖಿನ್ನತೆ ಹೆಚ್ಚಾಗಿ ಕಂಡುಬರುತ್ತವೆ.

ಇದು ದೂರದ ಅಪಾಯವಾಯಿತು. ಹತ್ತಿರದ ಅಪಾಯ ಬೇರೆಯೇ ಇದೆ. 17 ಗಂಟೆ ನಿದ್ರೆಯಿಲ್ಲದೆ ಎಚ್ಚರವಿದ್ದವರ ಕೈಚಳಕವು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಕುಸಿಯುವುದೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ಹಾಕಿರುವ ಮಿತಿ ಶೇಕಡ 0.03 ಮಾತ್ರ. ಬೆಳಗಿನ 5ಕ್ಕೆ ಎದ್ದವರಿಗೆ ರಾತ್ರಿ 10ಕ್ಕೆ 17 ಗಂಟೆ ತುಂಬುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಒಬ್ಬರು ಪಲ್ಪರಿನ ಬಳಿ, ಇನ್ನೊಬ್ಬರು ಮೆಟ್ಟುಗತ್ತಿಯ ಮುಂದೆ, ಮತ್ತೊಬ್ಬರು ಘಾಟಿಯ ತಿರುವಿನಲ್ಲಿ ಜೀಪಿನ ಸ್ಟಿಯರಿಂಗ್ ಹಿಡಿದು ಇರುತ್ತೇವೆ. ಕುಡಿದವನನ್ನು ಮರ ಹತ್ತಲು ಬಿಡದ ನಾವು ನಿದ್ರೆಗೆಟ್ಟವನನ್ನು ಮರಗಸಿಗೂ ಕೊನೆ ಕೊಯ್ಲಿಗೂ ಹತ್ತಿಸುತ್ತೇವೆ.

ನಿದ್ರೆ ತಡೆಯಲು ನಾವು ಆಶ್ರಯಿಸುವುದು ನಾವೇ ಬೆಳೆದ ಕಾಫಿಯನ್ನು. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗಿ ನಿದ್ರೆ ಬರಿಸುತ್ತದೆ. ಕೆಫೀನು ಅದರ ಕೆಲಸವನ್ನು ತಡೆಯುತ್ತದೆಯೇ ಹೊರತು ದಣಿವನ್ನು ತೀರಿಸುವುದಿಲ್ಲ. ಮಲಗುವುದಕ್ಕೆ 6 ಗಂಟೆ ಮೊದಲು ಸೇವಿಸಿದ 400 ಮಿಲಿಗ್ರಾಂ ಕೆಫೀನು ನಿದ್ರೆಯನ್ನು ಒಂದು ಗಂಟೆಗೂ ಹೆಚ್ಚು ಕಡಿತಗೊಳಿಸಿತೆಂದು 2013ರ ಒಂದು ಅಧ್ಯಯನ ತಿಳಿಸಿದೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನು ಇರುವುದನ್ನೂ ಮರೆಯಬಾರದು. ಹಾಗೆಂದು ಕಾಫಿ ಬಿಡಬೇಕಿಲ್ಲ. ಸಂಜೆ 4ರ ಲೋಟವೇ ದಿನದ ಕೊನೆಯದಾಗಲಿ.

ಇನ್ನು ಕೆಲವು ಸೂಚನೆಗಳು. ರಾತ್ರಿ ಕೆಲಸವನ್ನು ಮನೆಯವರೂ ಕೆಲಸಗಾರರೂ ಸರದಿಯಂತೆ ಹಂಚಿಕೊಳ್ಳಬೇಕು. ಏಳುವ ಹೊತ್ತು ದಿನವೂ ಒಂದೇ ಇರುವುದು ಒಳ್ಳೆಯದು. ರಾತ್ರಿ ನಿದ್ರೆಗೆಟ್ಟವರು ಮಧ್ಯಾಹ್ನ ಊಟವಾದ ಮೇಲೆ ಇಪ್ಪತ್ತು ನಿಮಿಷ ಅಡ್ಡಾಗಲಿ, ಅದು ಸೋಮಾರಿತನವಲ್ಲ. ಮದ್ಯ ಬೇಗ ನಿದ್ರೆ ಬರಿಸಿದರೂ ನಡುರಾತ್ರಿಯ ಮೇಲೆ ಅದನ್ನು ಕೆಡಿಸುತ್ತದೆ. ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ನುಂಗಬಾರದು. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವವರು, ಹಗಲೆಲ್ಲ ತೂಕಡಿಸುವವರು ವೈದ್ಯರಿಗೆ ತೋರಿಸಿಕೊಳ್ಳಬೇಕು.

ಇವೆಲ್ಲಕ್ಕೂ ಮಿಗಿಲಾಗಿ ಪ್ರತಿ ತೋಟದಲ್ಲೂ ಒಂದು ಕಟ್ಟುಪಾಡು ಇರಲಿ: ರಾತ್ರಿ ಪಲ್ಪರ್ ನಡೆಸಿದವರನ್ನಾಗಲಿ, ಹಂಡೆಯ ಬೆಂಕಿ ಕಾದವರನ್ನಾಗಲಿ ಬೆಳಿಗ್ಗೆ ಮರಕ್ಕೆ ಹತ್ತಿಸಬಾರದು, ವಾಹನಕ್ಕೆ ಕೂರಿಸಬಾರದು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿದರೆ ಸಾಕು. ಒಂದು ದಿನ ತಡವಾದರೆ ಕೊಯ್ಲು ಕಾಯುತ್ತದೆ. ಮರದಿಂದ ಬಿದ್ದವನ ಮನೆಗೆ ಯಾವ ಧಾರಣೆಯೂ ನಷ್ಟ ತುಂಬಿಕೊಡಲಾರದು.